ಫಿರಂಗಿ ಮೈದಾನದ ಗಿಲಕಿ ಹಾವು

‘ಸೈಡ್‌ವೈಂಡರ್’ ಅನ್ನೋ ಕ್ಷಿಪಣಿಯ ಹೆಸರನ್ನ ನಮ್ಮಲ್ಲಿ ತುಂಬ ಜನ ಕೇಳಿರ್ತೀರಿ. ಯುದ್ಧವಿಮಾನದಿಂದ ಹಾರಿ, ಎದುರಾಳಿ ವಿಮಾನದ ಎಂಜಿನ್ ಬಿಸಿಯನ್ನೇ ಗುರುತು ಹಿಡಿದು ಬೆನ್ನಟ್ಟುವ ಕ್ಷಿಪಣಿ ಅದು. ಅದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ಚೈನಾ ಲೇಕ್ ಕೇಂದ್ರದಲ್ಲಿ. ಸಮುದ್ರವೇ ಇಲ್ಲದ ಮರುಭೂಮಿಯಲ್ಲಿ ಅಮೆರಿಕದ ನೌಕಾಪಡೆಗೆ ಒಂದು ಪರೀಕ್ಷಾ ಕೇಂದ್ರ! ಭೌತವಿಜ್ಞಾನಿ ವಿಲಿಯಂ ಮೆಕ್‌ಲೀನ್ ಅವರ ತಂಡ ಅಲ್ಲಿ ಕಟ್ಟಿದ ಈ ಕ್ಷಿಪಣಿ 1953ರಲ್ಲಿ ಮೊದಲ ಬಾರಿ ಗುರಿ ಮುಟ್ಟಿತು, 1956ರಲ್ಲಿ ಸೇವೆಗೆ ಬಂತು.

ಹೆಸರು ಮಾತ್ರ ಅದೇ ಮರಳಲ್ಲಿ ಓಡಾಡೋ ಹಾವಿನದು. ಸೈಡ್‌ವೈಂಡರ್ ಅಂದ್ರೆ ಮೈಯನ್ನು ಅಡ್ಡಡ್ಡ ಎಸೆಯುತ್ತಾ ಬಿಸಿ ಮರಳ ಮೇಲೆ ಸಾಗುವ ಒಂದು ಪುಟ್ಟ ರ್‍ಯಾಟಲ್‌ಸ್ನೇಕ್. ಬಾಲದ ತುದಿಯಲ್ಲಿ ಗಿಲಕಿ ಇರೋದ್ರಿಂದ ಈ ಲೇಖನದಲ್ಲಿ ಈ ಗುಂಪನ್ನು ಗಿಲಕಿ ಹಾವು ಅಂತಲೇ ಕರೆಯೋಣ. ಅದೂ ಬಿಸಿಯನ್ನು ಹಿಡಿದೇ ಬೇಟೆಯಾಡುತ್ತೆ.

ಕ್ಷಿಪಣಿಯ ಕಥೆ ಎಲ್ಲರಿಗೂ ಗೊತ್ತು. ಹಾವಿನ ಕಥೆ ಅಷ್ಟು ಜನರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಗಿಲಕಿ ಹಾವು, ಆಮೆ, ಮರಕುಟಿಗ, ಚಿಟ್ಟೆ ಹೀಗೆ ಎಷ್ಟೋ ಅಪರೂಪದ ಜೀವಿಗಳು ಇವತ್ತು ಉಳಿದಿರೋದು ಸೇನಾ ನೆಲೆಗಳ ಬೇಲಿಯೊಳಗೆ. ಬಾಂಬ್ ಬೀಳೋ ಜಾಗದಲ್ಲಿ ಜೀವ ಹೇಗೆ ಉಳೀತು? ಅದನ್ನೇ ಇಲ್ಲಿ ನೋಡೋಣ.

ಮೊದಲು ಹಾವಿನ ಹಾರ್ಡ್‌ವೇರ್

ಗಿಲಕಿ ಹಾವಿನ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಎರಡೂ ಬದಿಯಲ್ಲಿ, ಒಂದೊಂದು ಗುಳಿ ಇದೆ. ಗುಳಿಯೊಳಗೆ ತೆಳ್ಳನೆಯ ಪೊರೆ. ಇಲಿ, ಮೊಲದಂಥ ಬಿಸಿ ಮೈಯ ಪ್ರಾಣಿ ಎದುರಿಗೆ ಬಂದರೆ ಅದರ ಅವಕೆಂಪು ಕಿರಣಗಳು ಈ ಪೊರೆಯನ್ನು ಒಂಚೂರು ಬಿಸಿ ಮಾಡುತ್ತವೆ. ಒಂದು ಡಿಗ್ರಿಯ ಸಾವಿರದ ಕೆಲವೇ ಭಾಗದಷ್ಟು ಏರಿದರೂ ನರಗಳಿಗೆ ಸುದ್ದಿ ಹೋಗುತ್ತೆ. ಈ ಕೆಲಸ ಮಾಡೋದು TRPA1 ಅಲ್ಲ ಅಂತ ನೀವು ಊಹಿಸೋ ಯಾವುದೋ ವಿಚಿತ್ರ ವಸ್ತುವಲ್ಲ. ನಮ್ಮ ಮೈಯಲ್ಲೂ ಇರುವ ಟಿಆರ್‌ಪಿಎ1 ಅನ್ನೋ ಪ್ರೋಟೀನು. ನಮ್ಮಲ್ಲಿ ಅದು ಸಾಸಿವೆ ಎಣ್ಣೆಯ ಘಾಟನ್ನು ಗುರುತಿಸುತ್ತೆ, ಹಾವಿನಲ್ಲಿ ಬಿಸಿಯನ್ನು. 2010ರಲ್ಲಿ ಇದು ಪತ್ತೆಯಾಯಿತು.

ಇಲೆಕ್ಟ್ರಾನಿಕ್ಸ್‌ನವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮೊದಲ ಸೈಡ್‌ವೈಂಡರ್ ಕ್ಷಿಪಣಿಯಲ್ಲಿದ್ದದ್ದು ಲೆಡ್ ಸಲ್ಫೈಡ್ ಡಿಟೆಕ್ಟರ್; ಅದು ಫೋಟಾನ್ ಬಿದ್ದಾಗ ಸ್ಪಂದಿಸುತ್ತಿತ್ತು. ಹಾವಿನ ಗುಳಿ ಕೆಲಸ ಮಾಡೋದು ಬೋಲೋಮೀಟರ್ ಥರ, ಪೊರೆ ಬಿಸಿಯಾದಾಗ ಮಾತ್ರ. ಹೆಸರು ಒಂದೇ, ಸೆನ್ಸರ್ ಬೇರೆ. ಅಂದಹಾಗೆ ಇಂಥ ಗುಳಿ ಇರುವ ಹಾವು ನೋಡೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಪಶ್ಚಿಮಘಟ್ಟದ ಮಲಬಾರ್ ಗುಳಿಮಂಡಲಕ್ಕೂ ಇದು ಇದೆ. ಗಿಲಕಿ ಮಾತ್ರ ಇಲ್ಲ.

ಇನ್ನು ಆ ಗಿಲಕಿ. ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ, ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡ ಟೊಳ್ಳು ಉಂಗುರಗಳು. ಪ್ರತಿ ಸಲ ಪೊರೆ ಕಳಚಿದಾಗ ಒಂದು ಉಂಗುರ ಸೇರುತ್ತೆ. ಮೈ ಬೆಚ್ಚಗಿದ್ದರೆ ಬಾಲದ ಸ್ನಾಯು ಸೆಕೆಂಡಿಗೆ 90 ಸಲದವರೆಗೂ ಅಲ್ಲಾಡಿಸಬಲ್ಲದು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಮಜವಾದ ವಿಷಯ ಹೇಳಿತು. ನಾವು ದೂರದಿಂದ ಹತ್ತಿರ ಬರ್ತಾ ಇದ್ದ ಹಾಗೆ ಹಾವು ಗಿಲಕಿಯ ವೇಗವನ್ನು ನಿಧಾನಕ್ಕೆ ಏರಿಸುತ್ತಾ ಹೋಗುತ್ತೆ. ಸುಮಾರು 40 ಹರ್ಟ್ಜ್ ಮುಟ್ಟಿದ ಮೇಲೆ ಥಟ್ಟನೆ 60ಕ್ಕಿಂತ ಮೇಲಕ್ಕೆ ಜಿಗಿಯುತ್ತೆ. ಕೇಳುವವರಿಗೆ ಹಾವು ಇದ್ದಕ್ಕಿದ್ದಂತೆ ಪಕ್ಕಕ್ಕೇ ಬಂತು ಅನ್ನಿಸುತ್ತೆ, ಕಾಲು ಹಿಂದಕ್ಕೆ ಹೋಗುತ್ತೆ. ಹಾವಿಗೆ ಬೇಕಿರೋದೂ ಅಷ್ಟೇ. ವಿಷ ಖರ್ಚು ಮಾಡದೆ ಜಗಳ ಮುಗಿಸೋದು.

ಬೇಲಿ ಮತ್ತು ಬೆಂಕಿ

ಅಮೆರಿಕದ ರಕ್ಷಣಾ ಇಲಾಖೆಯ ಕೈಯಲ್ಲಿ ಸುಮಾರು 2.5 ಕೋಟಿ ಎಕರೆ ಭೂಮಿ ಇದೆ. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ಅಳಿವಿನಂಚಿನ ಅಥವಾ ಅಪಾಯದಲ್ಲಿರುವ 400ಕ್ಕೂ ಹೆಚ್ಚು ಜೀವಿಗಳು ಅಲ್ಲಿವೆ. ಎಕರೆ ಲೆಕ್ಕದಲ್ಲಿ ನೋಡಿದರೆ ಅಲ್ಲಿನ ಅರಣ್ಯ ಇಲಾಖೆ, ರಾಷ್ಟ್ರೀಯ ಉದ್ಯಾನ ಇಲಾಖೆಗಳ ಭೂಮಿಗಿಂತಲೂ ದಟ್ಟವಾಗಿ!

ಮೊದಲ ಕಾರಣ ಸುಲಭ: ಬೇಲಿ. ಸೇನೆಯ ತರಬೇತಿಗೆ, ಫಿರಂಗಿ ಅಭ್ಯಾಸಕ್ಕೆ ವಿಶಾಲವಾದ ಖಾಲಿ ಜಾಗ ಬೇಕು. ಹಾಗಾಗಿ ಅಲ್ಲಿ ಲೇಔಟ್ ಬರಲಿಲ್ಲ, ಮಾಲ್ ಬರಲಿಲ್ಲ, ಉಳುಮೆ ಆಗಲಿಲ್ಲ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೋ ನಡುವಿನ ಕರಾವಳಿಯ ಮ್ಯಾಪ್ ತೆಗೆದು ನೋಡಿ. ಉದ್ದಕ್ಕೂ ಊರೋ ಊರು. ನಡುವೆ ಒಂದು ದೊಡ್ಡ ಖಾಲಿ ತುಂಡು. ಅದು ಮರೀನ್ ಪಡೆಯ ಕ್ಯಾಂಪ್ ಪೆಂಡಲ್‌ಟನ್, ಸುಮಾರು 1.25 ಲಕ್ಷ ಎಕರೆ. ಗಿಲಕಿ ಹಾವಿನ ಜೊತೆಗೆ ಒಂದು ಜಾತಿಯ ಪುಟ್ಟ ಇಲಿ, ಒಂದು ಜಾತಿಯ ಕಪ್ಪೆ, ಕಡಲ ತೀರದಲ್ಲಿ ಮೊಟ್ಟೆಯಿಡುವ ರೀವದ ಹಕ್ಕಿಗೆ ಅದು ಆಸರೆ.

ಎರಡನೇ ಕಾರಣವನ್ನು ಊಹಿಸೋದು ಕಷ್ಟ. ಅದು ಬೆಂಕಿ.

ಅಮೆರಿಕದ ಆಗ್ನೇಯ ಭಾಗದಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಯಷ್ಟು ಲಾಂಗ್‌ಲೀಫ್ ಪೈನ್ ಕಾಡಿತ್ತು. ಮೇಲೆ ದೂರ ದೂರ ನಿಂತ ಎತ್ತರದ ಮರ, ಕೆಳಗೆ ಹುಲ್ಲು. ಈ ಕಾಡು ಬದುಕೋದೇ ಬೆಂಕಿಯಿಂದ. ಎರಡು ಮೂರು ವರ್ಷಕ್ಕೊಮ್ಮೆ ನೆಲಮಟ್ಟದ ಬೆಂಕಿ ಹಾದುಹೋದರೆ ಪೊದೆಗಳು ಸುಟ್ಟು ಹುಲ್ಲು ಚಿಗುರುತ್ತೆ, ಪೈನ್ ಸಸಿಗೆ ಬೆಳಕು ಸಿಗುತ್ತೆ. ಮರ ಕಡಿದದ್ದು, ಬೇಸಾಯ, ಜೊತೆಗೆ ಬೆಂಕಿಯನ್ನು ಕಂಡಲ್ಲೆಲ್ಲ ಆರಿಸಿದ್ದು ಸೇರಿ ಆ ಕಾಡು 1990ರ ದಶಕದ ಹೊತ್ತಿಗೆ ಸುಮಾರು 30 ಲಕ್ಷ ಎಕರೆಗೆ ಇಳಿಯಿತು.

ಉಳಿದದ್ದರಲ್ಲಿ ದೊಡ್ಡ ತುಂಡುಗಳು ಎಲ್ಲಿದ್ದವು? ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್, ಜಾರ್ಜಿಯಾದ ಫೋರ್ಟ್ ಸ್ಟುವರ್ಟ್, ಫ್ಲಾರಿಡಾದ ಎಗ್ಲಿನ್ ವಾಯುನೆಲೆಗಳಲ್ಲಿ. ಫಿರಂಗಿ ಗುಂಡು ಬಿದ್ದಲ್ಲಿ ಹುಲ್ಲಿಗೆ ಕಿಡಿ ಹತ್ತುತ್ತಿತ್ತು. ಸಿಡಿಯದ ಗುಂಡುಗಳಿರೋ ಆ ಜಾಗದೊಳಗೆ ಹೋಗಿ ಯಾರೂ ಆರಿಸುತ್ತಿರಲಿಲ್ಲ. ಹೊರಗೆ ನಿಂತುಹೋದ ಬೆಂಕಿ ಒಳಗೆ ಮುಂದುವರಿಯಿತು, ಕಾಡೂ ಉಳಿಯಿತು.

ಗಿಲಕಿ ಹಾವುಗಳಲ್ಲೇ ದೊಡ್ಡದಾದ ಈಸ್ಟರ್ನ್ ಡೈಮಂಡ್‌ಬ್ಯಾಕ್‌ನ ಮನೆ ಈ ಕಾಡೇ. ಸುಟ್ಟ ಪೈನ್ ಬುಡದ ಪೊಟರೆಯಲ್ಲೋ ಗೋಫರ್ ಆಮೆ ತೋಡಿದ ಬಿಲದಲ್ಲೋ ಅದು ಚಳಿಗಾಲ ಕಳೆಯುತ್ತೆ. ಆಮೆಯ ಒಂದೊಂದು ಬಿಲವೂ ಹಾಸ್ಟೆಲ್ ಇದ್ದ ಹಾಗೆ. ಕಪ್ಪೆ, ಇಲಿ, ಕೀಟ, ಹಾವು ಸೇರಿ 350ಕ್ಕೂ ಹೆಚ್ಚು ಬಗೆಯ ಜೀವಿಗಳು ಅಂಥ ಬಿಲಗಳನ್ನು ಬಳಸುತ್ತವೆ. ಗಿಲಕಿ ಹಾವನ್ನೇ ತಿನ್ನೋ ಇಂಡಿಗೋ ಹಾವೂ ಅದರಲ್ಲಿ ಒಂದು!

ಫೋರ್ಟ್ ಬ್ರ್ಯಾಗ್‌ನಲ್ಲಿ ಇನ್ನೊಂದು ಜೀವಿ ಇದೆ: ಸೇಂಟ್ ಫ್ರಾನ್ಸಿಸ್ ಸ್ಯಾಟರ್ ಅನ್ನೋ ಕಂದು ಚಿಟ್ಟೆ. ಇಡೀ ಜಗತ್ತಿನಲ್ಲಿ ಇದು ಇರೋದು ಆ ಒಂದು ಸೇನಾ ನೆಲೆಯಲ್ಲಿ. ಅದನ್ನು ಕಾಪಾಡೋಕೆ ಅಂತ ಜನರನ್ನು ದೂರವಿಟ್ಟು, ಏನನ್ನೂ ಮುಟ್ಟದೆ ಬಿಟ್ಟ ಕಡೆ ಚಿಟ್ಟೆ ಕಡಿಮೆಯಾಯಿತು. ಗುಂಡು ಬಿದ್ದು ಬೆಂಕಿ ಹತ್ತುವ, ಬೀವರ್‌ಗಳು ಒಡ್ಡು ಕಟ್ಟಿ ನೀರು ನಿಲ್ಲಿಸುವ ಕಡೆ ಉಳಿಯಿತು. ಅದಕ್ಕೆ ಬೇಕಾದ ಜೌಗು ಹುಲ್ಲುಗಾವಲು ಹುಟ್ಟೋದೇ ಇಂಥ ಗಲಾಟೆಯಿಂದ. ನಿಕ್ ಹ್ಯಾಡಾಡ್ ಎಂಬ ಪರಿಸರ ವಿಜ್ಞಾನಿಯ ತಂಡ ಇದನ್ನು ಅರ್ಥ ಮಾಡಿಕೊಂಡ ಮೇಲೆ ತಾವೇ ಮರ ತೆಗೆದು, ಬೀವರ್ ಮಾದರಿಯ ಒಡ್ಡು ಕಟ್ಟೋಕೆ ಶುರು ಮಾಡಿತು.

1990ರ ಪೆಟ್ಟು

ಇಷ್ಟು ಓದಿ ‘ಓಹೋ, ಸೇನೆ ಪ್ರಕೃತಿಯನ್ನು ಕಾಪಾಡಿತು’ ಅಂತ ಮುಗಿಸಿಬಿಡಬೇಡಿ. ಮೊದಮೊದಲು ಉಳಿದದ್ದೆಲ್ಲ ಆಕಸ್ಮಿಕ. ಕಾಪಾಡೋ ಕೆಲಸ ಶುರುವಾಗಿದ್ದು ಕಾನೂನು ಕುತ್ತಿಗೆಗೆ ಬಂದಾಗ.

ಲಾಂಗ್‌ಲೀಫ್ ಕಾಡಿನಲ್ಲಿ ರೆಡ್ ಕಾಕೇಡೆಡ್ ಅನ್ನೋ ಮರಕುಟಿಗ ಇದೆ. ಬೇರೆ ಮರಕುಟಿಗಗಳು ಒಣಮರ ಕೊರೆದರೆ ಇದು ಜೀವಂತ ಹಳೇ ಪೈನ್ ಮರವನ್ನೇ ಕೊರೆದು ಗೂಡು ಮಾಡುತ್ತೆ. ಒಂದು ಗೂಡಿಗೆ ವರ್ಷಗಳೇ ಹಿಡಿಯುತ್ತವೆ. ಗೂಡಿನ ಸುತ್ತ ಮರದಿಂದ ಅಂಟು ಒಸರುವಂತೆ ಮಾಡಿ ಹಾವು ಹತ್ತದ ಹಾಗೆ ನೋಡಿಕೊಳ್ಳುತ್ತೆ. ಹಳೇ ಮರಗಳು ಹೋದ ಮೇಲೆ ಹಕ್ಕಿಯೂ ಹೋಗತೊಡಗಿತು.

1990ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ಫೋರ್ಟ್ ಬ್ರ್ಯಾಗ್‌ನ ತರಬೇತಿ ಈ ಹಕ್ಕಿಯ ಉಳಿವಿಗೇ ಅಪಾಯ ಅಂತ ತೀರ್ಮಾನ ಕೊಟ್ಟಿತು. ಅಳಿವಿನಂಚಿನ ಜೀವಿಗಳ ಕಾಯ್ದೆ 1973ರಿಂದಲೇ ಇತ್ತು. ಅದು ಸೇನೆಗೂ ಅನ್ವಯ. ಗೂಡಿನ ಮರಗಳಿಗೆ ಬಿಳಿ ಪಟ್ಟಿ ಬಳಿದರು. ಅದರಿಂದ 200 ಅಡಿ ಒಳಗೆ ಟೆಂಟ್ ಹಾಕೋಹಾಗಿಲ್ಲ, ಗುಂಡಿ ತೋಡೋಹಾಗಿಲ್ಲ. ಅಮೆರಿಕದ ಪ್ಯಾರಾಟ್ರೂಪರ್‌ಗಳ ತವರುಮನೆಯಲ್ಲಿ ಒಂದು ಹಿಡಿ ಗಾತ್ರದ ಹಕ್ಕಿ ತರಬೇತಿಗೆ ಅಡ್ಡ ನಿಂತಿತು. ಸೇನೆಯಲ್ಲಿ ಸಿಟ್ಟು ಇದ್ದೇ ಇತ್ತು.

ಆಮೇಲೆ ನಡೆದದ್ದು ಪಕ್ಕಾ ಇಂಜಿನಿಯರಿಂಗ್ ಕೆಲಸ. ಮರದ ಕಾಂಡ ಕೊರೆದು ರೆಡಿಮೇಡ್ ಗೂಡುಪೆಟ್ಟಿಗೆ ಕೂರಿಸಿದರು. ವರ್ಷಗಟ್ಟಲೆ ಹಿಡಿಯೋ ಕೆಲಸ ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಲೆಕ್ಕ ಹಾಕಿ, ಗಾಳಿ ನೋಡಿ, ಸರದಿ ಪ್ರಕಾರ ಕಾಡಿಗೆ ಬೆಂಕಿ ಕೊಟ್ಟರು. 1995ರಿಂದ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯ ಜೊತೆ ಸೇರಿ, ನೆಲೆಯ ಸುತ್ತಲಿನ ಖಾಸಗಿ ಜಮೀನಿನಲ್ಲೂ ಪೈನ್ ಕಾಡು ಉಳಿಯುವಂತೆ ಮಾಡಿದರು. ಪಕ್ಕದಲ್ಲಿ ಬಡಾವಣೆ ಬರದಿದ್ದರೆ ಹಕ್ಕಿಗೂ ಲಾಭ, ರಾತ್ರಿ ಹೆಲಿಕಾಪ್ಟರ್ ಹಾರಿಸೋ ಸೇನೆಗೂ ಲಾಭ. 2006ರಲ್ಲಿ, ಅಂದುಕೊಂಡಿದ್ದಕ್ಕಿಂತ ಐದು ವರ್ಷ ಮೊದಲೇ, ಅಲ್ಲಿನ ಹಕ್ಕಿಗಳ ಸಂಖ್ಯೆ ಗುರಿ ಮುಟ್ಟಿತು. ನಿರ್ಬಂಧಗಳು ಸಡಿಲವಾದವು. 2024ರಲ್ಲಿ ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ ಅಪಾಯದ ಪಟ್ಟಿಗೆ ಇಳಿಸಿದರು.

ಹಾವಿನ ಹೊಟ್ಟೆಯಲ್ಲಿ ಟ್ರಾನ್ಸ್‌ಮಿಟರ್

ಈ ಪಾಠವೇ ಮುಂದೆ ಗಿಲಕಿ ಹಾವಿಗೆ ನೆರವಾಯಿತು. ಈಸ್ಟರ್ನ್ ಡೈಮಂಡ್‌ಬ್ಯಾಕ್ ಅನ್ನು ರಕ್ಷಿತ ಪಟ್ಟಿಗೆ ಸೇರಿಸಿ ಅಂತ 2011ರಲ್ಲಿ ಅರ್ಜಿ ಬಿತ್ತು. ಪಟ್ಟಿಗೆ ಸೇರಿದರೆ ಮತ್ತೆ ಬಿಳಿ ಪಟ್ಟಿ, ಮತ್ತೆ ನಿರ್ಬಂಧ. ಅದಕ್ಕೇ ಹಾವು ಆ ಹಂತಕ್ಕೆ ಹೋಗದ ಹಾಗೆ ಈಗಲೇ ನೋಡಿಕೊಳ್ಳೋದು ವಾಸಿ. ಯಂತ್ರ ಕೆಟ್ಟು ನಿಂತ ಮೇಲೆ ರಿಪೇರಿ ಮಾಡೋದಕ್ಕಿಂತ ಮೊದಲೇ ಸರ್ವಿಸ್ ಮಾಡಿಸೋದು ಅಗ್ಗ ಅಂತ ಮೆಕ್ಯಾನಿಕಲ್‌ನವರಿಗೆ ನಾವು ಹೇಳಬೇಕಾಗಿಲ್ಲ.

ಮರೀನ್ ಪಡೆಯ ಕ್ಯಾಂಪ್ ಲಜೂನ್‌ನಲ್ಲಿ ಜೀವವಿಜ್ಞಾನಿಗಳು ಹಾವು ಹಿಡಿದು, ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹೊಲಿದು, ಹಿಡಿದ ಜಾಗಕ್ಕೇ ಬಿಡ್ತಾರೆ. ಆಮೇಲೆ ಆಂಟೆನಾ ಹಿಡಿದು ಕಾಡಲ್ಲಿ ಓಡಾಡೋದು. ಹಾವು ಎಲ್ಲಿ ಮಲಗುತ್ತೆ, ಯಾವ ರಸ್ತೆ ದಾಟುತ್ತೆ, ಚಳಿಗಾಲಕ್ಕೆ ಯಾವ ಪೊಟರೆಗೆ ಮರಳುತ್ತೆ ಅನ್ನೋದೆಲ್ಲ ಗೊತ್ತಾದರೆ, ವಾಹನ ಎಲ್ಲಿ ಓಡಿಸಬಹುದು, ಬೆಂಕಿ ಯಾವಾಗ ಕೊಡಬಹುದು ಅಂತ ತೀರ್ಮಾನ ಮಾಡೋದು ಸುಲಭ. ಸೈನಿಕರಿಗೆ ಹೇಳಿಕೊಡೋ ನಿಯಮವೂ ಸರಳ: ಕಾಣದ ಕಡೆ ಕೈ ಹಾಕಬೇಡ, ಸದ್ದು ಕೇಳಿದರೆ ಹಿಂದೆ ಸರಿ, ಕೊಲ್ಲಬೇಡ, ವರದಿ ಮಾಡು.

ಬೇಲಿಯ ಹೊರಗೆ ಕಥೆಯೇ ಬೇರೆ. ಟೆಕ್ಸಾಸ್‌ನ ಸ್ವೀಟ್‌ವಾಟರ್‌ನಲ್ಲಿ 1958ರಿಂದ ಗಿಲಕಿ ಹಾವುಗಳನ್ನು ಹಿಡಿದು ತಂದು ಕೊಲ್ಲೋ ವಾರ್ಷಿಕ ಜಾತ್ರೆಯೇ ನಡೆಯುತ್ತೆ. ಫೋರ್ಟ್ ಸ್ಟುವರ್ಟ್ ಸಮೀಪದ ಕ್ಲ್ಯಾಕ್ಸ್‌ಟನ್ ಊರಲ್ಲೂ ಅಂಥದ್ದೊಂದು ಇತ್ತು. 2012ರಲ್ಲಿ ಅದನ್ನು ಹಾವು ಕೊಲ್ಲದ ವನ್ಯಜೀವಿ ಉತ್ಸವವಾಗಿ ಬದಲಾಯಿಸಿದರು. ಜಾತ್ರೆಯೂ ಉಳೀತು, ಹಾವೂ ಉಳೀತು.

ಲೆಕ್ಕ ತಪ್ಪಿದ ಕಡೆ

ಎಲ್ಲ ಪ್ರಯತ್ನವೂ ಗೆದ್ದಿಲ್ಲ. ಮೊಹಾವಿಯ ಫೋರ್ಟ್ ಅರ್ವಿನ್‌ಗೆ ಟ್ಯಾಂಕ್ ಅಭ್ಯಾಸಕ್ಕೆ ಇನ್ನಷ್ಟು ಜಾಗ ಬೇಕಾಯಿತು. 2008ರಲ್ಲಿ ಅಲ್ಲಿದ್ದ ಸುಮಾರು 600 ಮರುಭೂಮಿ ಆಮೆಗಳನ್ನು ಎತ್ತಿ ಬೇರೆಡೆ ಬಿಟ್ಟರು. ಕಯೋಟಿಗಳು ಆ ಪ್ರದೇಶದಲ್ಲಿ ಆಮೆಗಳನ್ನು ಕೊಂದವು, ಹೊಸದಾಗಿ ಬಂದವನ್ನೂ ಮೊದಲೇ ಅಲ್ಲಿದ್ದವನ್ನೂ. ಸ್ಥಳಾಂತರವನ್ನು ನಿಲ್ಲಿಸಬೇಕಾಯಿತು. ಗಿಲಕಿ ಹಾವನ್ನೂ ದೂರ ಒಯ್ದು ಬಿಟ್ಟರೆ ಅದು ದಾರಿ ತಪ್ಪಿದಂತೆ ಅಲೆದು ಸಾಯೋದು ಹೆಚ್ಚು ಅಂತ ಅಧ್ಯಯನಗಳು ತೋರಿಸಿವೆ. ಪ್ರಾಣಿ ಅಂದ್ರೆ ಒಂದು ಪಾರ್ಟ್ ಅಲ್ಲ, ಬಿಚ್ಚಿ ಬೇರೆ ಕಡೆ ಜೋಡಿಸೋಕೆ. ಅದರ ತಲೆಯಲ್ಲಿರೋ ಮ್ಯಾಪ್ ಆ ಜಾಗಕ್ಕೆ ಮಾತ್ರ ಹೊಂದುತ್ತೆ.

ಇನ್ನೊಂದು ಅಪಾಯವೂ ಇದೆ. ಸುತ್ತಲಿನ ಕಾಡು ಮುಗಿದಷ್ಟೂ ನೆಲೆಯೊಳಗಿನ ಕಾಡು ದ್ವೀಪವಾಗುತ್ತೆ. ಯಾವತ್ತೋ ಒಂದು ದಿನ ಸೇನೆಗೆ ಆ ಜಾಗ ಬೇರೆ ಕೆಲಸಕ್ಕೆ ಬೇಕಾದರೆ ಆ ಹಾವಿಗೆ, ಆ ಚಿಟ್ಟೆಗೆ ಇನ್ನೊಂದು ಜಾಗ ಇರೋದಿಲ್ಲ. ಬ್ಯಾಕಪ್ ಇಲ್ಲದ ಸಿಸ್ಟಮ್ ಅದು.

ಹಾಗಾದರೆ ಈ ನೆಲೆಗಳು ಹೇಳೋದೇನು? ಗುಂಡಿನ ಸದ್ದನ್ನೂ ಬೆಂಕಿಯನ್ನೂ ತಾಳಿಕೊಂಡ ಜೀವಿಗಳು ಲೇಔಟ್ ಮತ್ತು ಕಾಂಕ್ರೀಟನ್ನು ತಾಳಿಕೊಳ್ಳಲಿಲ್ಲ. ನಾಳೆ ಸೈಟ್ ಪ್ಲಾನ್ ಬರೆಯೋರು, ರಸ್ತೆ ಎಳೆಯೋರು, ಚರಂಡಿಯ ಇಳಿಜಾರು ಲೆಕ್ಕ ಹಾಕೋರು ನಾವೇ. ನಕ್ಷೆಯಲ್ಲಿ ‘ಖಾಲಿ ಜಾಗ’ ಅಂತ ಗುರುತು ಮಾಡೋ ಮುಂಚೆ ಅಲ್ಲಿ ಯಾರ ಬಿಲ ಇದೆ ಅಂತ ಒಂದು ಸಲ ಹೋಗಿ ನೋಡಿ ಬರೋಣ. ನಮ್ಮ ಹಾವುಗಳಿಗೆ ಗಿಲಕಿ ಇಲ್ಲ, ಅವು ಗಿಲಕಿ ಆಡಿಸಿ ಎಚ್ಚರಿಸೋದಿಲ್ಲ. ನಾವೇ ಕೇಳಿ ತಿಳಿದುಕೊಳ್ಳಬೇಕು.