ಎಲೆಯಲ್ಲಿ ಉಳಿಯದ ಪಲ್ಯ



ಗಣಪತಿ ಹಬ್ಬದ ಊಟ ಮುಗಿದು ಎಲೆ ಎತ್ತುವ ಹೊತ್ತು. ಕಡುಬು ಖಾಲಿ, ಕೋಸಂಬರಿ ಖಾಲಿ, ಚಿತ್ರಾನ್ನದ ಒಂದು ಅಗುಳೂ ಇಲ್ಲ. ಎಲೆಕೋಸಿನ ಪಲ್ಯ ಮಾತ್ರ ಬಡಿಸಿದ ಹಾಗೇ ಕೂತಿದೆ. ನಿಮ್ಮ ಮನೆಯಲ್ಲೂ ಹೀಗೇನಾ?

ನಮ್ಮ ಮನೆಯಲ್ಲಿ ಒಂದು ವರ್ಷ ನಾನೇ 14 ಎಲೆ ಎತ್ತಿದೆ. ಅದರಲ್ಲಿ 9 ಎಲೆಗಳಲ್ಲಿ ಆ ಪಲ್ಯವನ್ನು ಯಾರೂ ಮುಟ್ಟಿರಲಿಲ್ಲ. ಅದಕ್ಕಾಗಿ ನಮ್ಮ ಅತ್ತೆ ಬೆಳಗಿನ ನಾಲ್ಕಕ್ಕೆ ಎದ್ದು ಎರಡು ಕೋಸು ಹೆಚ್ಚಿದ್ದರು. ಎಲೆಗಳ ಕಡೆ ಒಮ್ಮೆ ನೋಡಿ ಸುಮ್ಮನೆ ಒಳಗೆ ಹೋದರು. ಮರುವರ್ಷ ಮತ್ತೆ ಅದೇ ಪಲ್ಯ. ಕೇಳಿದರೆ, "ಹಬ್ಬದ ಎಲಿಗೆ ಪಲ್ಯ ಬೇಕಲ್ಲವಾ" ಅಂದರು.

ಬೇಕು, ನಿಜ. ಆದರೆ ಹಬ್ಬದ ಎಲೆ ಕೇಳುವುದು ಒಂದು ಪಲ್ಯವನ್ನು. ಅದು ಕೋಸಿನದೇ ಆಗಬೇಕು ಅಂತ ಯಾವ ಎಲೆಯೂ ಹಟ ಹಿಡಿಯುವುದಿಲ್ಲ. ಈ ಸಲ ಆ ಜಾಗಕ್ಕೆ ಬೇರೆ ಏನು ಬರಬಹುದು ಎಂದು ನೋಡೋಣ ಬನ್ನಿ.

ಯಾಕೆ ಉಳಿಯುತ್ತದೆ?

ತಪ್ಪು ಕೈರುಚಿಯದಲ್ಲ, ಗಡಿಯಾರದ್ದು. ಬೆಳಗ್ಗೆ ಆರಕ್ಕೆ ಆದ ಪಲ್ಯ, ಪೂಜೆ ನೈವೇದ್ಯ ಮುಗಿದು ಎಲೆಗೆ ಬರುವಾಗ ಮಧ್ಯಾಹ್ನ ಒಂದು ಗಂಟೆ. ಮುಚ್ಚಿಟ್ಟ ಎಲೆಕೋಸು ತನ್ನ ಬಿಸಿಯಲ್ಲೇ ಬೇಯುತ್ತಾ ಹೋಗುತ್ತದೆ. ಹೆಚ್ಚು ಬೆಂದಷ್ಟೂ ಅದರಲ್ಲಿರುವ ಗಂಧಕದ ಅಂಶದಿಂದ ವಾಸನೆ ಏಳುತ್ತದೆ. ಉಪ್ಪು ನೀರು ಬಿಡಿಸುತ್ತದೆ. ಬಟಾಟೆ ಪಲ್ಯವಾದರೆ ತಣಿದು ಬಿರುಸಾಗುತ್ತದೆ. ಇದರ ಮೇಲೆ ಹಬ್ಬದ ಅಡಿಗೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಆ ರುಚಿಯ ಜಾಗವನ್ನು ಬೇರೆ ಏನಾದರೂ ತುಂಬಬೇಕಲ್ಲ!

ಹಾಗಾಗಿ ಹಬ್ಬದ ಪಲ್ಯ ಆರಿಸುವಾಗ ಮೂರು ಮಾತು ನೆನಪಿಡಿ. ಆರೇಳು ತಾಸು ಕಾದರೂ ಕೆಡಬಾರದು. ಇಂಗು, ಎಳ್ಳು, ಶೇಂಗಾ, ಹುಣಸೆ, ಬೆಲ್ಲ ಇವುಗಳಿಂದಲೇ ರುಚಿ ಬರಬೇಕು. ತರಕಾರಿ ಆ ಕಾಲದ್ದೇ ಆಗಿರಬೇಕು.

ಸಂಪ್ರದಾಯ ಎಷ್ಟು ಹಳೆಯದು?

"ಹಿಂದಿನಿಂದ ಬಂದದ್ದು" ಎಂದು ನಾವು ಹೇಳುವ ಪಲ್ಯಗಳ ತರಕಾರಿಗಳೆಲ್ಲ ಅಷ್ಟು ಹಿಂದಿನವಲ್ಲ. ಆಲೂಗಡ್ಡೆ, ಬೀನ್ಸ್, ಟೊಮೆಟೊ, ಹಸಿಮೆಣಸಿನಕಾಯಿ ಇವೆಲ್ಲ ಮೂಲತಃ ಅಮೆರಿಕದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ನಂತರವೇ ನಮ್ಮ ನೆಲ ಕಂಡವು. ಮರಾಠಿಯ ಬಟಾಟಾ, ನಮ್ಮ ಬಟಾಟೆ ಎರಡೂ ಪೋರ್ಚುಗೀಸ್ ಮಾತಿನಿಂದ ಬಂದವು. ಎಲೆಕೋಸು, ಹೂಕೋಸು ಯುರೋಪಿನವು. ಇಂದಿಗೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಇವನ್ನು ಒಳಗೆ ಬಿಡುವುದಿಲ್ಲ. ಅಂದರೆ ನಮ್ಮ ಹಿರಿಯರೂ ಕಾಲಕ್ಕೆ ತಕ್ಕಂತೆ ಎಲೆಯನ್ನು ಬದಲಿಸಿಕೊಂಡೇ ಬಂದಿದ್ದಾರೆ.

ಪುಣೆಯ ಮರಾಠಿ ಮನೆಗಳಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಗಣೇಶ ಚತುರ್ಥಿಯ ಮರುದಿನ ಋಷಿ ಪಂಚಮಿ. ಅಂದು ಎತ್ತಿನ ದುಡಿಮೆಯಿಲ್ಲದೆ ಬೆಳೆದದ್ದನ್ನೇ ತಿನ್ನಬೇಕೆಂಬ ನಿಯಮ. ಹಿತ್ತಲಿನ ಕೆಸುವಿನ ಎಲೆ, ದಂಟು, ಹೀರೆಕಾಯಿ, ಕುಂಬಳ, ಸುವರ್ಣಗಡ್ಡೆ, ಎಳೆ ಜೋಳದ ತೆನೆ ಎಲ್ಲ ಸೇರಿಸಿ, ಮಸಾಲೆ ಇಲ್ಲದೆ 'ಋಷೀಚಿ ಭಾಜಿ' ಮಾಡುತ್ತಾರೆ. ಜನವರಿಯ ಭೋಗಿಗೂ ಹೀಗೆಯೇ. ಹಸಿ ಕಡಲೆ, ಅವರೆ, ಬಟಾಣಿ, ಗಜ್ಜರಿ, ಬದನೆಕಾಯಿಗೆ ಎಳ್ಳು ಹಾಕಿದ ಭಾಜಿ, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ವಿಜಾಪುರ, ಕಲಬುರ್ಗಿ ಕಡೆಯವರಿಗೂ ಇದು ಗೊತ್ತು. ಆ ಪಲ್ಯ ತಾಟಿನಲ್ಲಿ ಉಳಿದದ್ದನ್ನು ನಾನಂತೂ ನೋಡಿಲ್ಲ. ಅದು ಆ ತಿಂಗಳ ಪೇಟೆಯಿಂದಲೇ ಹುಟ್ಟಿದ ಪಲ್ಯ.

ಮಂಡಈಯಲ್ಲಿ ಏನೆಂದು ಕೇಳುವುದು?

1886ರಲ್ಲಿ ಶುರುವಾದ, ಇಂದು ಮಹಾತ್ಮಾ ಫುಲೆ ಅವರ ಹೆಸರಿರುವ ನಮ್ಮ ಮಂಡಈಯಲ್ಲಿ ಭಾದ್ರಪದದ ಹೊತ್ತಿಗೆ ಬಳ್ಳಿಯ ತರಕಾರಿಗಳ ರಾಶಿ. ಹೊಸದಾಗಿ ಪುಣೆಗೆ ಬಂದವರಿಗೆ ಹೆಸರಿನದೇ ತೊಡಕು. ಹೀರೆಕಾಯಿಗೆ ದೋಡಕಾ, ಪಡವಲಕಾಯಿಗೆ ಪಡವಳ, ತೊಂಡೆಕಾಯಿಗೆ ತೋಂಡಲಿ, ಕೆಸುವಿನ ಎಲೆಗೆ ಅಳೂ, ಗುರೆಳ್ಳಿಗೆ ಕಾರಳೆ ಎನ್ನಿ. ಧಾರವಾಡದ ಕಡೆಯವರು ಒಂದು ಎಚ್ಚರಿಕೆ ವಹಿಸಿ. ನಮ್ಮ ಚವಳಿಕಾಯಿ ಇಲ್ಲಿ 'ಗವಾರ'. ಚವಳಿ ಎಂದು ಕೇಳಿದರೆ ಅಲಸಂದೆ ತೂಗಿ ಕೊಡುತ್ತಾರೆ!

ನಾಲ್ಕು ಪಲ್ಯ, ಎಂಟು ಜನಕ್ಕೆ

*ಹೀರೆಕಾಯಿ, ಗುರೆಳ್ಳು ಪುಡಿ:* ಹೀರೆಕಾಯಿ 1 ಕಿಲೋ. ಏಣು ತೆಗೆದು ಸ್ವಲ್ಪ ದಪ್ಪಗೆ ಹೆಚ್ಚಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ ಮುಚ್ಚದೆ ಬೇಯಿಸಿ. ನೀರು ಬೇಡ, ಅದೇ ಬಿಡುತ್ತದೆ. ಕಾಯಿ ಬೆಂದು ತೀರಾ ಕುಗ್ಗುವುದರಿಂದ ಉಪ್ಪು ಕೊನೆಗೆ ಹಾಕಿ, ಇಲ್ಲವಾದರೆ ಹೆಚ್ಚಾಗುತ್ತದೆ. ಹುರಿದು ಕುಟ್ಟಿದ ಗುರೆಳ್ಳು 4 ಚಮಚ, ಖಾರದ ಪುಡಿ, ಚಿಟಿಕೆ ಬೆಲ್ಲ ಬೆರೆಸಿ ಇಳಿಸಿ. ಉಳಿದ ನೀರನ್ನು ಗುರೆಳ್ಳೇ ಹೀರಿಕೊಳ್ಳುತ್ತದೆ.

*ತೊಂಡೆಕಾಯಿ, ಗೋಡಂಬಿ:* ಇದು ನಮ್ಮ ಕರಾವಳಿಯವರ ಹಬ್ಬದ ಪಲ್ಯ. ಗೋಡಂಬಿ 100 ಗ್ರಾಂ, ಬಿಸಿನೀರಿನಲ್ಲಿ ಎರಡು ತಾಸು ನೆನೆಯಲಿ. ತೊಂಡೆಕಾಯಿ ಮುಕ್ಕಾಲು ಕಿಲೋ, ಉದ್ದಕ್ಕೆ ಸೀಳಿ. ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ, ಅರ್ಧ ಲೋಟ ನೀರು, ಸಣ್ಣ ಉರಿ. ನೀರು ಪೂರ್ತಿ ಇಂಗಲಿ. ಮಧ್ಯಾಹ್ನದವರೆಗೂ ಇದು ಗಟ್ಟಿಯಾಗಿಯೇ ಇರುತ್ತದೆ.

*ಪಡವಲಕಾಯಿ, ಹೆಸರುಬೇಳೆ:* ಅರ್ಧ ಬಟ್ಟಲು ಬೇಳೆ ಅರ್ಧ ತಾಸು ನೆನೆಯಲಿ. ತಿರುಳು ತೆಗೆದು ಹೆಚ್ಚಿದ ಮುಕ್ಕಾಲು ಕಿಲೋ ಕಾಯಿ ಸೇರಿಸಿ, ಬೇಳೆ ಉದುರುದುರಾಗಿ ಇರುವಂತೆ ಬೇಯಿಸಿ. ಹಸಿ ತೆಂಗಿನತುರಿಯನ್ನು ನೈವೇದ್ಯಕ್ಕೆ ಸ್ವಲ್ಪ ಮೊದಲು ಹಾಕಿ. ಬೆಳಗ್ಗೆಯೇ ಹಾಕಿದರೆ ಹಳಸುವ ಭಯ.

*ಅಳೂಚಿ ಪಾತಳ ಭಾಜಿ:* ಇದು ಪುಣೆಯವರ ಹೆಮ್ಮೆ. ಹತ್ತು ಹನ್ನೆರಡು ಕೆಸುವಿನ ಎಲೆ, ಸಿಪ್ಪೆ ತೆಗೆದ ದಂಟು, ನಾಲ್ಕು ತಾಸು ನೆನೆದ ಕಡಲೆಬೇಳೆ ಮತ್ತು ಶೇಂಗಾ ಕಾಲು ಕಾಲು ಬಟ್ಟಲು. ಎಲ್ಲ ಮೆತ್ತಗೆ ಬೇಯಿಸಿ ಸೊಪ್ಪನ್ನು ಕಡೆಯಿರಿ. ಎರಡು ಚಮಚ ಕಡಲೆಹಿಟ್ಟು, ಹುಣಸೆ ರಸ, ಬೆಲ್ಲ ಹಾಕಿ ಕುದಿಸಿ ಒಗ್ಗರಣೆ ಕೊಡಿ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದಕ್ಕೇ. ಚೆನ್ನಾಗಿ ಬೇಯಿಸುವುದನ್ನೂ ಹುಣಸೆಯನ್ನೂ ಬಿಡಬೇಡಿ. ಈ ಭಾಜಿಗೆ ಹೊತ್ತು ಹೋದಷ್ಟೂ ರುಚಿ ಹೆಚ್ಚು.

ಊಟಕ್ಕೆ ಬರುವವರಲ್ಲಿ ಚಾತುರ್ಮಾಸ್ಯ ವ್ರತದವರಿದ್ದರೆ ಮೊದಲೇ ಕೇಳಿಕೊಳ್ಳಿ. ಗಣೇಶ ಚತುರ್ಥಿ ಬರುವ ಹೊತ್ತಿಗೆ ಅವರಿಗೆ ಮೊಸರು ನಿಷಿದ್ಧ, ಹಾಗಾಗಿ ಮೊಸರು ಬಜ್ಜಿ ಬಡಿಸಬೇಡಿ. ದೀಪಾವಳಿಯ ಹೊತ್ತಿಗೆ ದ್ವಿದಳ ವ್ರತ, ಆಗ ಬೇಳೆ ಹಾಕಿದ ಪಲ್ಯ ನಡೆಯದು.

ಒಂದನ್ನೇ ಬದಲಿಸಿ

ಒಂದು ಮಾತು. ನಾಲ್ಕನ್ನೂ ಒಂದೇ ಹಬ್ಬಕ್ಕೆ ತರಬೇಡಿ. ಒಂದು ಪಲ್ಯ ಬದಲಿಸಿ, ಉಳಿದದ್ದು ಇದ್ದ ಹಾಗೇ ಇರಲಿ. ಅದಕ್ಕಿಂತ ಮುಖ್ಯ, ಬೇಡವೆನ್ನುವ ಮೊದಲು ಮಾಡುವವರನ್ನು ಒಮ್ಮೆ ಕೇಳಿ. ನಾನು ಕೇಳಿದ್ದು ತಡವಾಗಿ. "ಅತ್ತೆ, ನಿಮ್ಮ ತವರಿನಲ್ಲಿ ಗಣಪತಿ ಹಬ್ಬಕ್ಕೆ ಯಾವ ಪಲ್ಯ ಮಾಡುತ್ತಿದ್ದರು?" ಅಂದೆ. ಅವರು ನಕ್ಕುಬಿಟ್ಟರು. "ನಮ್ಮವ್ವನ ಮನ್ಯಾಗ ಕೋಬಿ ಎಲ್ಲಿತ್ತವಾ? ಹಿತ್ತಲದಾಗ ಹೀರಿಕಾಯಿ, ಪಡವಲಕಾಯಿ ಬಳ್ಳಿ ಇರತಿದ್ವು. ಪುಣೆಕ್ಕ ಬಂದ ಮ್ಯಾಲೆ, ಮಂದಿ ಬಾಳ ಆದ್ರು, ಕೋಬಿ ಲಗೂನ ಹೆಚ್ಚಲಿಕ್ಕೆ ಬರತದ ಅಂತ ಹಿಡದೆ."

ನಾವು ಸಂಪ್ರದಾಯ ಅಂದುಕೊಂಡದ್ದು ಅವರ ಅವಸರವಾಗಿತ್ತು. ಆ ವರ್ಷ ಹೀರೆಕಾಯಿಯ ಏಣು ತೆಗೆಯಲು ನಾನು, ನಮ್ಮ ಯಜಮಾನರು ಇಬ್ಬರೂ ಕೂತೆವು. ಒಗ್ಗರಣೆ ಅತ್ತೆಯವರದು. ಎಲೆ ಎತ್ತುವಾಗ ಅವರು ಪಕ್ಕದಲ್ಲೇ ನಿಂತು ಒಂದೊಂದನ್ನೂ ನೋಡಿದರು. ಪಲ್ಯ ಉಳಿದದ್ದು ಎರಡು ಎಲೆಗಳಲ್ಲಿ ಮಾತ್ರ.

ನಿಮ್ಮ ಮನೆಯ ಎಲೆಯಲ್ಲಿ ಈ ಸಲ ಯಾವ ಪಲ್ಯ? ಮಾಡಿ ನೋಡಿ, ನಮಗೂ ತಿಳಿಸಿ.