ತೋಟದ ತೊಟ್ಟಿ, ಲ್ಯಾಬಿನ ಸ್ಕ್ವಿಡ್

ತೊಂಡಾಮುತ್ತೂರಿನ ತೋಟಗಳಲ್ಲಿ ಬೋರ್‌ವೆಲ್ ಪಕ್ಕದ ತೊಟ್ಟಿ ನೋಡಿದ್ದೀರಲ್ಲ? ಕರೆಂಟ್ ಇದ್ದಾಗ ತುಂಬಿಸಿಟ್ಟು, ಬೇಕಾದಾಗ ಅಡಿಕೆ ಬುಡಕ್ಕೆ ಬಿಡುವುದು. ಕ್ಯಾಶಿಂಗ್ ಪ್ರಾಕ್ಸಿ ಅಂದರೆ ಇಂಟರ್ನೆಟ್ಟಿಗೆ ಕಟ್ಟಿದ ತೊಟ್ಟಿ.

ಊರ ಶಾಲೆಯಲ್ಲಿ 30 ಕಂಪ್ಯೂಟರ್ ಅಂದುಕೊಳ್ಳಿ. ಎಲ್ಲದರಲ್ಲೂ ಉಬುಂಟು, ಒಂದೊಂದಕ್ಕೂ 500 ಎಂಬಿ ಅಪ್‌ಡೇಟ್. ಒಟ್ಟು 15 ಜಿಬಿ! ನಡುವೆ ಸ್ಕ್ವಿಡ್ ಎಂಬ ಕ್ಯಾಶಿಂಗ್ ಪ್ರಾಕ್ಸಿ ಕೂರಿಸಿದರೆ ಹೊರಗಿನಿಂದ ಇಳಿಯುವುದು ಒಂದೇ ಸಲ. ಉಳಿದ 29ಕ್ಕೆ ಲ್ಯಾಬಿನೊಳಗಿಂದಲೇ. 1996ರಿಂದ ಇರುವ ಉಚಿತ ತಂತ್ರಾಂಶ ಇದು, ಹಳೇ ಕಂಪ್ಯೂಟರ್ ಸಾಕು.

ಎಡವುವುದು ಇಲ್ಲಿ: 4 ಎಂಬಿ ಮೀರಿದ ಫೈಲನ್ನು ಸ್ಕ್ವಿಡ್ ತಾನಾಗಿ ಉಳಿಸಿಕೊಳ್ಳುವುದಿಲ್ಲ. ಸೆಟ್ಟಿಂಗಿನಲ್ಲಿ ಆ ಮಿತಿ ಏರಿಸಿ, ಡಿಸ್ಕಿನಲ್ಲಿ ಜಾಗ ಕೊಡಿ. ಯೂಟ್ಯೂಬ್ ಮಾತ್ರ ಉಳಿಯದು. ಅದು ಬರುವ ಎಚ್‌ಟಿಟಿಪಿಎಸ್ ಬೀಗ ಹಾಕಿದ ಪೆಟ್ಟಿಗೆ, ಸುಮ್ಮನೆ ಹಾದುಹೋಗುತ್ತದೆ.