ಭಾಷೆ ಬಾರದ ನಾಡಿನಲ್ಲಿ ತಿಮ್ಮಯ್ಯ

ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಬೆಳೆದ ಮನೆಯಿದು. ಬಂದವರು ಅಲ್ಲಿನ ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಈ ಸೇನಾನಿಯ ಅತಿ ಕಠಿಣವಾದ ಎರಡು ಕೆಲಸಗಳಲ್ಲಿ ಗುಂಡು ಹಾರಿಸುವುದಕ್ಕಿಂತ ಮಾತು ನಡೆಸುವುದೇ ಮುಖ್ಯವಾಗಿತ್ತು.

ಮೊದಲನೆಯದು ಕೊರಿಯಾದಲ್ಲಿ. 1953ರ ಜುಲೈನಲ್ಲಿ ಕದನವಿರಾಮವಾಯಿತು. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಚೀನೀ, ಕೊರಿಯನ್ ಯುದ್ಧಕೈದಿಗಳ ಗತಿಯೇನು? ಇದನ್ನು ತೀರ್ಮಾನಿಸಲು ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಸದಸ್ಯರು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲು ದುಭಾಷಿ ಬೇಕು. ತಿಳಿದ ಮೇಲೂ ನಂಬಿಕೆ ಬೇಕು.

ಅಲ್ಲಿ ಮಾಡಿದ ಏರ್ಪಾಟು ಸರಳವಾಗಿತ್ತು. ಕೈದಿಯನ್ನು ಡೇರೆಯೊಳಗೆ ಕರೆತರುತ್ತಿದ್ದರು. ಅವನ ದೇಶದ ಪ್ರತಿನಿಧಿ ಅವನದೇ ಭಾಷೆಯಲ್ಲಿ ಊರಿಗೆ ಮರಳುವಂತೆ ಹೇಳುತ್ತಿದ್ದ. ಆಯೋಗದವರು ಎದುರಿಗೇ ಕುಳಿತಿರುತ್ತಿದ್ದರು. ಡೇರೆಗೆ ಎರಡು ಬಾಗಿಲು: ಒಂದು ಊರಿಗೆ, ಇನ್ನೊಂದು ಮತ್ತೆ ಶಿಬಿರಕ್ಕೆ. ಉತ್ತರ ಹೇಳಲು ಮಾತೇ ಬೇಕಿರಲಿಲ್ಲ, ಹೆಜ್ಜೆ ಸಾಕಿತ್ತು. ಹಾಗೆಂದು ಎಲ್ಲವೂ ಸುಗಮವಾಗಲಿಲ್ಲ. ಬಹುಪಾಲು ಕೈದಿಗಳು ಡೇರೆಗೆ ಬರಲೇ ಇಲ್ಲ. ಎರಡೂ ಬಣಗಳು ಭಾರತವನ್ನು ದೂರಿದವು.

ಕೈದಿಗಳ ಕಾವಲಿಗಿದ್ದ ಭಾರತೀಯ ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್. ಸೆಪ್ಟೆಂಬರ್‌ನಲ್ಲಿ ಚೀನೀ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಒತ್ತೆ ಹಿಡಿದರು. ಬಂದೂಕು ಎತ್ತಿದ್ದರೆ ರಕ್ತಪಾತ ಖಚಿತ. ಥೋರಟ್ ಬೆರಳೆಣಿಕೆಯ ಜನರೊಂದಿಗೆ ಬೇಲಿಯೊಳಗೆ ಹೋಗಿ ಅವರ ನಡುವೆಯೇ ಕುಳಿತರು. ಚೀನೀಯರು ಸತ್ಕಾರಕ್ಕೆ ಹೆಸರಾದವರು, ಬಂದವರಿಗೆ ಒಂದು ಲೋಟ ಚಹಾ ಕೂಡ ಇಲ್ಲವೇ ಎಂದು ಆಕ್ಷೇಪಿಸಿದರು. ಚಹಾ ಬಂತು, ಬಿಗುವು ಸಡಿಲಿತು, ಅಧಿಕಾರಿ ಬಿಡುಗಡೆಯಾದರು. ಎದುರಿನವನ ಸಂಸ್ಕೃತಿಯಲ್ಲಿ ಯಾವುದು ಮರ್ಯಾದೆ ಎಂದು ಅರಿತದ್ದು ಅಂದು ಕೋವಿಗಿಂತ ಹೆಚ್ಚು ಕೆಲಸ ಮಾಡಿತು.

ಎರಡನೆಯ ಕೆಲಸ ಸೈಪ್ರಸ್‌ನಲ್ಲಿ. ಸೇನೆಯಿಂದ 1961ರಲ್ಲಿ ನಿವೃತ್ತರಾಗಿದ್ದ ತಿಮ್ಮಯ್ಯ 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಅತ್ತ ಗ್ರೀಕ್ ಭಾಷಿಕರು, ಇತ್ತ ತುರ್ಕಿ ಭಾಷಿಕರು. ನಡುವೆ ಐರಿಷ್, ಫಿನ್ನಿಷ್, ಕೆನಡಿಯನ್ ಮೊದಲಾದ ಸೈನಿಕರು. ಒಬ್ಬರೊಡನೆ ಆಡಿದ ಮಾತು ಇನ್ನೊಬ್ಬರಿಗೆ ಪಕ್ಷಪಾತವಾಗಿ ಕೇಳಿಸಬಹುದಾದ ಜಾಗವದು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅವರು ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ಲಾರ್ನಾಕಾ ನಗರದ ರಸ್ತೆಯೊಂದಕ್ಕೂ ಅವರ ಹೆಸರಿದೆ.

ಇಂದು ಕೊಡಗಿನ ಮನೆಮನೆಗಳಿಂದ ಮಕ್ಕಳು ಕೆಲಸಕ್ಕೆಂದು ಗಲ್ಫಿಗೆ, ಆಸ್ಟ್ರೇಲಿಯಾಕ್ಕೆ ಹೊರಡುತ್ತಾರೆ. ಅಲ್ಲಿನ ಭಾಷೆ ಕಲಿತರೆ ಒಳ್ಳೆಯದೇ. ಅದಕ್ಕೂ ಮೊದಲು, ಎದುರಿನವರು ಯಾವುದನ್ನು ಗೌರವವೆಂದು ತಿಳಿಯುತ್ತಾರೆ ಎಂಬುದನ್ನು ಕಲಿತು ಹೋದರೆ ಅರ್ಧ ಮಾತು ಆಡಿದಂತೆಯೇ.